ಮಾವನ ಪರೀಕ್ಷೆಗೆ ಕೂತ ಮಾನಿಟರ್

ತೊಡೆಯ ಮೇಲೆ ಹದಿನಾಲ್ಕು ಇಂಚಿನ ಮಾನಿಟರ್ ಇಟ್ಟುಕೊಂಡು ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಬಂದ ದಿನ ನನಗೆ ದಾರಿಯುದ್ದಕ್ಕೂ ಕಂಡದ್ದು ಅದರ ಬೆನ್ನು ಒಂದೇ. ಪಕ್ಕದಲ್ಲಿ ಕೊಕ್ಕನೂರಿನ ಹೆಂಗಸೊಬ್ಬರು ಕೂತಿದ್ದರು. ಬಸ್ಸು ಊರು ದಾಟುವ ಮೊದಲೇ ಕೇಳಿದರು.

"ಟಿವಿ ಎಲ್ಲಿ ತಗಂಡ್ರವ್ವ?"

"ಟಿವಿ ಅಲ್ರಿ, ಕಂಪ್ಯೂಟರಿಂದು."

"ಚಿತ್ರ ಬರ್ತಾವಿಲ್ಲ?"

"ಬರ್ತಾವೆ."

"ಮತ್ತೆ ಟಿವಿನೇ ಬಿಡ್ರಿ."

ಅಷ್ಟರಲ್ಲಿ ಕಂಡಕ್ಟರ್ ಬಂದ. ಮಾನಿಟರಿಗೆ ಲಗೇಜು ಚೀಟಿ ಹರಿಯಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಅದನ್ನೇ ನೋಡಿದ. ತೊಡೆಯ ಮೇಲಿದೆ, ಸೀಟು ಹಿಡಿದಿಲ್ಲ ಅಂದೆ. "ಹಂಗಾರೆ ಮೂರು ವರ್ಷದ ಒಳಗಿಂದೇನು?" ಅಂದ. ಹೌದು ಅಂದೆ. ಅದಕ್ಕೆ ನಿಜವಾಗಿ ನಾಲ್ಕು ತುಂಬಿತ್ತು.

ಇದು ತೊಂಬತ್ತೆಂಟರ ಮಾತು. ನಾನು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಕ್ಲಾಸಿಗೆ ಹೊಸ ಮೆಷಿನ್‌ಗಳು ಬಂದಾಗ ಮಾಲೀಕರು ಹಳೆಯದೊಂದನ್ನು ಮನೆಗೆ ಒಯ್ಯಿರಿ ಅಂತ ನನಗೆ ಕೊಟ್ಟರು. ಹಿಂದಿನ ವಾರವೇ ಸಿ.ಪಿ.ಯು. ಇರುವ ತಗಡಿನ ಪೆಟ್ಟಿಗೆ, ಕೀಬೋರ್ಡು ಸಾಗಿಸಿದ್ದೆ. ಉಳಿದಿದ್ದು ಈ ಮಾನಿಟರ್.

ಮದುವೆಯಾಗಿ ಎರಡು ವರ್ಷವಾಗಿತ್ತು. ನಮ್ಮ ಯಜಮಾನರು ಪಂಪ್‌ಸೆಟ್ ಮಾರುವ ಕೆಲಸದವರು, ಸೋಮವಾರ ಹೋದರೆ ಶನಿವಾರ ಬರುತ್ತಿದ್ದರು. ಹಾಗಾಗಿ ಹರಿಹರದ ಮನೆಯಲ್ಲಿ ವಾರವಿಡೀ ಇದ್ದವರು ನಾವು ಮೂವರೇ. ನಾನು, ಅತ್ತೆ, ಮಾವ.

ಮಾವನವರ ಬಗ್ಗೆ ಹೇಳಿಬಿಡುತ್ತೇನೆ. ಅವರು ಹರಿಹರದ ಯಂತ್ರ ತಯಾರಿಸುವ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ಬೇರೆಯವರು ಕಡೆದು ತಂದ ಭಾಗಗಳನ್ನು ಅಳೆದು ಪಾಸು ಅಥವಾ ರಿಜೆಕ್ಟ್ ಅನ್ನುವುದು ಅವರ ಕೆಲಸ. ನಿವೃತ್ತಿಯಾಗಿ ಒಂದು ವರ್ಷವಾಗಿತ್ತು, ಕೆಲಸ ಮಾತ್ರ ನಿಂತಿರಲಿಲ್ಲ. ಚಪಾತಿ ತಟ್ಟೆಗೆ ಬಿದ್ದರೆ ಮೊದಲು ಅದನ್ನು ಸುತ್ತ ತಿರುಗಿಸಿ ನೋಡುವರು. ಪಕ್ಕದ ಮನೆಯವರು ಕಾಂಪೌಂಡು ಕಟ್ಟಿಸಿದಾಗ ಕರೆಯದೇ ಹೋಗಿ ತೂಗುಗುಂಡು ಇಳಿಬಿಟ್ಟು, ಗೋಡೆ ಬೆರಳಗಲ ವಾಲಿದೆ ಎಂದು ಹೇಳಿದರು. ಇಂದಿಗೂ ಆ ಮನೆಯವರ ಜೊತೆ ನಮಗೆ ಮಾತು ಕಡಿಮೆ.

ಅತ್ತೆ ಲೋಕಿಕೆರೆ ಕಡೆಯ ರೈತರ ಮನೆಯ ಮಗಳು. ಅವರು ಯಾವುದನ್ನೂ ಅಳೆಯುತ್ತಿರಲಿಲ್ಲ. ಉಪ್ಪನ್ನೂ ಕೈಯಲ್ಲೇ ಹಾಕುವರು, ಮಾತನ್ನೂ ಹಾಗೇ.

ಮಾಲೀಕರು ಮೆಷಿನ್ ಕೊಡುವ ಮೊದಲು ಒಳಗಿನದನ್ನೆಲ್ಲ ಅಳಿಸಿದ್ದರು. ಯಾವುದೋ ವೈರಸ್ ಸೇರಿಕೊಂಡು ಬಿಡದೆ ಕಾಡಿತ್ತಂತೆ. ಖಾಲಿ ಪೆಟ್ಟಿಗೆಗೆ ಏನು ಹಾಕುವುದು? ಕ್ಲಾಸಿಗೆ ತರಿಸುತ್ತಿದ್ದ ಪತ್ರಿಕೆಯ ಜೊತೆ ಒಂದು ಸಿ.ಡಿ. ಬಂದಿತ್ತು. ಅದರಲ್ಲಿ ಲಿನಕ್ಸ್ ಎಂಬ, ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಇತ್ತು. ನನಗೂ ಅದರ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಪುಕ್ಕಟೆ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಒಳಗೆ ಬರೆದಿರುವುದನ್ನೆಲ್ಲ ಬಿಚ್ಚಿ ಓದಬಹುದು, ಬೇಕಾದರೆ ತಿದ್ದಲೂಬಹುದು.

ಮಾವನಿಗೆ ಕಂಪ್ಯೂಟರ್ ಬಂದದ್ದೇ ಅಷ್ಟಾಗಿ ಹಿಡಿಸಿರಲಿಲ್ಲ. ಆದರೆ ಈ ಮಾತು ಕೇಳಿ ಕುರ್ಚಿ ಹತ್ತಿರ ಎಳೆದುಕೊಂಡರು.

"ಅಂದ್ರೆ ಮೆಷಿನ್ನಿನ ಜೊತಿಗೆ ಡ್ರಾಯಿಂಗೂ ಕೊಟ್ಟಾರೆ ಅನ್ನು."

"ಹೌದು ಮಾವ, ಹಂಗೇ."

"ಪುಕ್ಕಟೆ?"

"ಪುಕ್ಕಟೆ."

"ಹಂಗಾರೆ ಎಲ್ಲೋ ತಪ್ಪು ಇರಬೇಕು. ಹುಡುಕೋಣ ತಡಿ."

ಹುಡುಕಬೇಕಾಗಿ ಬರಲಿಲ್ಲ. ಎಲ್ಲ ಹಾಕಿ ಮುಗಿದ ಮೇಲೆ, ಚಿತ್ರ ತೋರಿಸುವ ಭಾಗವನ್ನು ಹೊಂದಿಸುವಾಗ ಅದೇ ಒಂದು ಪ್ರಶ್ನೆ ಕೇಳಿತು. ನಿಮ್ಮ ಮಾನಿಟರ್ ಒಂದು ಸೆಕೆಂಡಿಗೆ ಎಷ್ಟು ಸಾಲು ಎಳೆಯಬಲ್ಲದು? ಕೆಳಗೆ ಎಚ್ಚರಿಕೆ ಇತ್ತು. ಮಿತಿ ಮೀರಿದ ಅಂಕಿ ಕೊಟ್ಟರೆ ಮಾನಿಟರ್ ಹಾಳಾಗಬಹುದು. ನಾನು ಅದನ್ನು ಸುಮ್ಮನೆ ಕನ್ನಡದಲ್ಲಿ ಓದಿ ಹೇಳಿದೆ. ಹೇಳಬಾರದಿತ್ತು.

ಮಾವ ಎದ್ದು ನಿಂತರು. "ಇದರ ಕೈಪುಸ್ತಕ ಎಲ್ಲೈತೆ?"

ಹಳೇ ಮಾನಿಟರಿಗೆ ಕೈಪುಸ್ತಕ ಎಲ್ಲಿಂದ ಬರಬೇಕು? ಹಿಂದೆ ಅಂಟಿಸಿದ್ದ ಚೀಟಿ ಅರ್ಧ ಹರಿದಿತ್ತು. "ಅಂದಾಜಿಗೆ ಒಂದು ಹಾಕಿ ನೋಡೋಣ" ಅಂದೆ.

ಅಂದಾಜು ಅನ್ನುವ ಮಾತನ್ನು ಆ ಮನೆಯಲ್ಲಿ ಅಡುಗೆಮನೆಯ ಹೊರಗೆ ಯಾರೂ ಆಡುತ್ತಿರಲಿಲ್ಲ. ಮಾವ ಕಿಟಕಿಗಳನ್ನೆಲ್ಲ ತೆರೆದರು. ಹಿತ್ತಲಿನಿಂದ ಒಂದು ಬಕೆಟ್ ಮರಳು ತಂದು ಬಾಗಿಲ ಬಳಿ ಇಟ್ಟರು. ಅತ್ತೆಗೆ ಹೊರಗೆ ಹೋಗಿ ಕೂಡಲು ಹೇಳಿದರು. ಅತ್ತೆ, "ಒಲೆ ಮ್ಯಾಲೆ ಅನ್ನ ಐತೆ, ನಾನೆಲ್ಲಿಗೂ ಬರಲ್ಲ, ಸತ್ರೆ ಅನ್ನದ ಜೊತಿಗೇ ಸಾಯ್ತೀನಿ" ಅಂದು ಅಲ್ಲೇ ಉಳಿದರು. ಮಾವ ಮೇನ್ ಸ್ವಿಚ್ಚಿನ ಹಿಡಿಕೆ ಹಿಡಿದು ನಿಂತು, "ಒತ್ತು" ಅಂದರು.

ಒತ್ತಿದೆ. ಮಾನಿಟರ್ ಕೊಯ್ ಎಂದು ಸಣ್ಣಗೆ ಸಿಳ್ಳೆ ಹೊಡೆಯಿತು. ಮಾವ ಹಿಡಿಕೆ ಎಳೆದರು. ಇಡೀ ಮನೆಯ ಕರೆಂಟು ಹೋಯಿತು. ಅಡುಗೆಮನೆಯಲ್ಲಿ ಚಟ್ನಿ ಅರೆಯುತ್ತಿದ್ದ ಮಿಕ್ಸಿ ಗರ್ರ್ ಎಂದು ಇಳಿಯುತ್ತ ನಿಂತಿತು.

"ಏನಾತ್ರೀ?"

"ಏನಿಲ್ಲ, ಪರೀಕ್ಷೆ ನಡೀತಾ ಐತೆ!"

ಇನ್ನೊಂದು ಅಂಕಿ ಹಾಕಿದೆ. ಮತ್ತೆ ಸಿಳ್ಳೆ, ಮತ್ತೆ ಹಿಡಿಕೆ, ಮತ್ತೆ ಮಿಕ್ಸಿ ನಿಂತಿತು. ಪ್ರತಿ ಸಲ ಕರೆಂಟು ಹೀಗೆ ಹೋದಾಗಲೂ ಲಿನಕ್ಸ್ ಎದ್ದ ಮೇಲೆ ತನ್ನ ಡಿಸ್ಕನ್ನೆಲ್ಲ ತಾನೇ ತಡಕಾಡಿಕೊಂಡು ನೋಡಲು ಕಾಲು ಗಂಟೆ ತೆಗೆದುಕೊಳ್ಳುತ್ತಿತ್ತು. ಐದನೇ ಸಲಕ್ಕೆ ಸಿಳ್ಳೆ ಬರಲಿಲ್ಲ. ಪರದೆಯ ತುಂಬ ಬೂದು ಬಣ್ಣದ ಸಣ್ಣ ಜಾಳಿಗೆ ಮೂಡಿತು, ನಡುವೆ ಒಂದು ಗುಣಾಕಾರದ ಗುರುತು ನಿಂತಿತು.

ನಾನು ಕುಣಿಯುವುದೊಂದು ಬಾಕಿ. ಮಾವ ಹಿಡಿಕೆ ಬಿಡದೆ ದೂರದಿಂದಲೇ ನೋಡಿ, "ಇಷ್ಟಕ್ಕೇನಾ?" ಅಂದರು. ಅತ್ತೆ ಅಡುಗೆಮನೆಯಿಂದ ಅರೆಬರೆ ಚಟ್ನಿಯ ಜಾರು ಹಿಡಿದು ಬಂದು ನೋಡಿ, "ಸೊಳ್ಳೆ ಪರದೆ ಇದ್ದಂಗೈತೆ" ಅಂದರು. ಆ ಮಧ್ಯಾಹ್ನ ಚಟ್ನಿಯಲ್ಲಿ ಕಡಲೆ ಕಡಲೆಯಾಗಿಯೇ ಇತ್ತು.

ಸಿ.ಡಿ.ಯಲ್ಲಿ ಹತ್ತಾರು ಆಟಗಳಿದ್ದವು. ಒಂದರಲ್ಲಿ ಬಣ್ಣದ ಗುಂಡುಗಳು ಕಾಲುವೆಯೊಂದರಲ್ಲಿ ಉರುಳಿ ಬರುತ್ತವೆ. ಅಲ್ಲಲ್ಲಿ ತಿರುಗುವ ಚಕ್ರಗಳಿವೆ. ಚಕ್ರ ತಿರುಗಿಸಿ, ಗುಂಡುಗಳನ್ನು ಹಿಡಿದು, ಒಂದೇ ಬಣ್ಣದ ನಾಲ್ಕನ್ನು ಒಂದು ಚಕ್ರಕ್ಕೆ ಸೇರಿಸಬೇಕು. ಚಕ್ರ, ಗುಂಡು, ಕಾಲುವೆ. ಇದು ಮಾವನಿಗೆ ಹಿಡಿಸುತ್ತದೆ ಎಂದು ನನಗೆ ನಂಬಿಕೆ. ಕರೆದು ತೋರಿಸಿದೆ. ಅವರು ಮೂಗಿನ ತುದಿಗೆ ಕನ್ನಡಕ ಇಳಿಸಿ ನೋಡಿದರು.

"ಗುಂಡು ಗುಂಡಿಲ್ಲ."

"ಆಂ?"

"ಮೊಟ್ಟಿ ಆಗೈತೆ. ನೋಡು, ಅಡ್ಡ ಜಾಸ್ತಿ, ಉದ್ದ ಕಡಿಮಿ. ಇದು ಹೆಂಗೆ ಉರುಳ್ತೈತೆ? ನಾನಾಗಿದ್ರೆ ಲಾಟು ಪೂರ್ತಿ ವಾಪಸ್ ಕಳಿಸ್ತಿದ್ದೆ."

"ಮಾವ, ಆಟಕ್ಕೆ ನಡೀತೈತೆ."

"ನಡೀತೈತೆ ಅಂದೋರ ಕೆಲಸಾನೇ ನಾನು ಮೂವತ್ತು ವರ್ಷ ವಾಪಸ್ ಕಳಿಸಿದ್ದು."

ಒಳಗೆ ಹೋಗಿ ವರ್ನಿಯರ್ ತಂದರು. ಅದು ಸಣ್ಣ ಅಳತೆಗಳನ್ನು ಹಿಡಿಯುವ ಉಕ್ಕಿನ ಉಪಕರಣ, ಎರಡು ಹಲ್ಲು ಇರುವ ಉದ್ದನೆಯ ಪಟ್ಟಿ. ಅದನ್ನು ಅವರು ಮಖಮಲ್ಲಿನ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು, ಅತ್ತೆಯ ಒಡವೆಗಳು ಇದ್ದದ್ದು ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ. ಆಟ ನಿಲ್ಲಿಸಲು ಹೇಳಿ, ಪರದೆಯ ಮೇಲಿನ ಚಕ್ರಕ್ಕೆ ವರ್ನಿಯರ್ ಹಿಡಿದು ಅಡ್ಡ ಅಳೆದರು, ಉದ್ದ ಅಳೆದರು. ಎರಡಕ್ಕೂ ನಾಲ್ಕು ಮಿಲಿಮೀಟರ್ ಅಂತರ. ಹಳೆಯ ಡೈರಿಯೊಂದರಲ್ಲಿ ಬರೆದುಕೊಂಡು ಪಕ್ಕದಲ್ಲಿ "ರಿಜೆಕ್ಟ್" ಎಂದು ಬರೆದು ಸಹಿ ಹಾಕಿದರು.

ಮಾನಿಟರಿನ ಕೆಳಗಿದ್ದ ತಿರುಪುಗಳನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿದೆವು. ಚಿತ್ರ ಸ್ವಲ್ಪ ಉದ್ದವಾಯಿತು, ಅಷ್ಟೇ. ಉಳಿದದ್ದನ್ನು ಲಿನಕ್ಸ್ ಒಳಗೇ ಸರಿಪಡಿಸಬೇಕು. ಅದಕ್ಕೆ ಅಂತಲೇ ಒಂದು ಕಡತವಿತ್ತು. ಅದರ ಒಂದು ಸಾಲಿನಲ್ಲಿ ಒಂಬತ್ತು ಅಂಕಿಗಳು. ಗೆರೆ ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು, ಎಷ್ಟು ಹೊತ್ತು ಸುಮ್ಮನಿದ್ದು ಮುಂದಿನ ಗೆರೆಗೆ ಹೋಗಬೇಕು, ಎಲ್ಲ ಅಲ್ಲೇ. ಬೇರೆಯವರಾಗಿದ್ದರೆ ಅದನ್ನು ನೋಡಿದ ಕೂಡಲೇ ಕಂಪ್ಯೂಟರ್ ಮುಚ್ಚಿ ಎದ್ದು ಹೋಗುತ್ತಿದ್ದರು. ಮಾವ ಕೈ ಉಜ್ಜಿಕೊಂಡರು.

ಮೂರು ವಾರ ನಡೆಯಿತು ಇದು. ನಾನು ಸಂಜೆ ದಾವಣಗೆರೆಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಮಾವ ಒಂಬತ್ತು ಹೊಸ ಅಂಕಿ ಬರೆದ ಚೀಟಿ ಹಿಡಿದು ನಿಂತಿರುತ್ತಿದ್ದರು. ನಾನು ಹಾಕುವುದು, ಅವರು ಅಳೆಯುವುದು. ಒಂದು ದಿನ ಚಿತ್ರ ಎಡಕ್ಕೆ ಸರಿದು ಅರ್ಧ ಪರದೆಯ ಆಚೆಗೆ ಹೋಯಿತು. ಇನ್ನೊಂದು ದಿನ ಮೇಲಿನಿಂದ ಕೆಳಕ್ಕೆ ನಿಲ್ಲದೆ ಉರುಳಿತು. ಅತ್ತೆ ಅದನ್ನು ನೋಡುತ್ತಾ ಕೂತು, "ಇದೇ ಚೆನ್ನಾಗೈತೆ, ಇದನ್ನೇ ಇಟ್ಕಳ್ರಿ" ಅಂದರು. ಮಾವ ಗಾಜು ಉಬ್ಬಿದೆ, ಅದರಿಂದ ಅಳತೆ ತಪ್ಪುತ್ತದೆ ಎಂದು ಒಂದು ದಿನವೆಲ್ಲ ಚಿಂತಿಸಿದರು. ಕೊನೆಗೆ ತೆಳು ಕಾಗದ ಅಂಟಿಸಿ ಪೆನ್ಸಿಲಿನಲ್ಲಿ ಚಕ್ರದ ಗುರುತು ತೆಗೆದು, ಕಾಗದವನ್ನು ಮೇಜಿನ ಮೇಲೆ ಹರಡಿ ಅಳೆಯಲು ಶುರುಮಾಡಿದರು. ಶನಿವಾರ ಮನೆಗೆ ಬಂದ ಯಜಮಾನರು ತಮ್ಮ ಅಪ್ಪ ಕಂಪ್ಯೂಟರಿನ ಮುಖಕ್ಕೆ ಕಾಗದ ಅಂಟಿಸುತ್ತಿರುವುದನ್ನು ಕಂಡು, ನನ್ನನ್ನು ಪಕ್ಕಕ್ಕೆ ಕರೆದು, "ಅಪ್ಪ ಆರಾಮಾಗಿದಾರಾ?" ಎಂದು ಮೆಲ್ಲಗೆ ಕೇಳಿದರು.

"ಆರಾಮಾಗಿದಾರೆ" ಅಂದೆ. ಅದು ನಿಜವಾಗಿತ್ತು. ಹಿಂದಿನ ಒಂದು ವರ್ಷ ಆ ಮನುಷ್ಯ ಬೆಳಗ್ಗೆ ಕಾರ್ಖಾನೆಯ ಸೈರನ್ನಿಗೆ ಎದ್ದು, ಅಂಗಿ ಹಾಕಿಕೊಂಡು, ಹೋಗಲು ಎಲ್ಲೂ ಇಲ್ಲದೆ ಜಗುಲಿಯಲ್ಲಿ ಕೂರುತ್ತಿದ್ದುದನ್ನು ನಾನು ನೋಡಿದ್ದೆ. ಈಗ ಸೈರನ್ ಕೂಗಿದರೆ ಅವರಿಗೆ ಕೇಳಿಸುತ್ತಲೇ ಇರಲಿಲ್ಲ.

ಮೂರನೇ ವಾರದ ಕೊನೆಗೆ ಅಡ್ಡವೂ ಉದ್ದವೂ ಸಮವಾದವು. ಮಾವ ನಾಲ್ಕು ಮೂಲೆಗಳಲ್ಲೂ ನಡುವಿನಲ್ಲೂ ಚಕ್ರ ಅಳೆದರು. ಒಂದು ತುಂಡು ಬಿಳಿ ಪಟ್ಟಿಯ ಮೇಲೆ "ಪಾಸು" ಎಂದು ಬರೆದು ಮಾನಿಟರಿನ ನೆತ್ತಿಗೆ ಅಂಟಿಸಿದರು. ಆಮೇಲೆ ಕುರ್ಚಿಯಲ್ಲಿ ಕೂತು, "ಈಗ ಆಡಬಹುದು" ಅಂದರು.

ಆಡಿದರು ಅಂದರೆ ಸಾಲದು. ಬೆಳಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿ ಕೂತರೆ ಊಟಕ್ಕೆ ಏಳುವರು. ಮಧ್ಯಾಹ್ನ ಕರೆಂಟು ತೆಗೆಯುವ ಹೊತ್ತಿಗೆ ಸರಿಯಾಗಿ ನಿದ್ದೆ. ಕರೆಂಟು ಬಂದರೆ ಮತ್ತೆ ಗುಂಡು. ಪ್ರತಿ ಹಂತದ ನಕ್ಷೆಯನ್ನು ಗೆರೆ ಕಾಗದದ ಮೇಲೆ ಬರೆದುಕೊಂಡು, ಯಾವ ಚಕ್ರ ಯಾವಾಗ ತಿರುಗಿಸಬೇಕೆಂದು ಗುರುತು ಹಾಕಿದ್ದರು. ಆ ಕಾಗದ ಕಣ್ಣೆದುರಿಗೆ ನಿಲ್ಲಲು ಏನಾದರೂ ಬೇಕಿತ್ತು. ಅದಕ್ಕೆ ತಮ್ಮ ಹಳೇ ಡಯಲ್ ಸ್ಟ್ಯಾಂಡನ್ನು ಹೊರತೆಗೆದರು. ಕೆಳಗೆ ಇಟ್ಟಿಗೆಯಂಥ ಭಾರದ ಬುಡ, ಮೇಲೆ ಒಂದು ಕಂಬಿ. ಕಾರ್ಖಾನೆಯಲ್ಲಿ ಅದರ ತುದಿಗೆ ಅಳತೆಯ ಗಡಿಯಾರ ಸಿಗಿಸಿ ಕೆಲಸ ಮಾಡುತ್ತಿದ್ದರಂತೆ. ಈಗ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು, ಕ್ಲಿಪ್ಪಿಗೆ ಕಾಗದ. ಪೆಟ್ಟಿಗೆಯ ಮೇಲೆ ಮಾನಿಟರ್ ಇತ್ತು, ಆ ಪೆಟ್ಟಿಗೆಯ ಬಲಗಡೆಯ ತುದಿಯಲ್ಲಿ ಸ್ಟ್ಯಾಂಡ್ ಇಟ್ಟು ಬುಡದ ಗುಬಟು ತಿರುಗಿಸಿದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಆಟ ಮುಗಿದ ಮೇಲೆ ಗುಬಟು ಸಡಿಲಿಸಿ, ಒರೆಸಿ, ಬೀರುವಿನಲ್ಲಿ ಇಡುವರು. ಉಪಕರಣ ಹೊರಗೆ ಬಿಡುವುದು ಅವರ ಜಾಯಮಾನವಲ್ಲ.

ಒಂದು ವಾರ ಕಳೆದಿರಬಹುದು. ನಾನು ಕ್ಲಾಸಿನಿಂದ ಬಂದಾಗ ಮಾವ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಪರದೆಯ ಕೆಳಗಿನ ಬಲ ಮೂಲೆಯಲ್ಲಿ ನೇರಳೆ ಬಣ್ಣದ ಕಲೆ ಮೂಡಿತ್ತು, ಸುತ್ತ ಸ್ವಲ್ಪ ಹಸಿರು. ಹಳದಿ ಗುಂಡು ಆ ಮೂಲೆಗೆ ಹೋದರೆ ಕೆಂಪಾಗಿ ಕಾಣುತ್ತಿತ್ತು. ಅದರಿಂದಲೇ ಮಾವ ಇಪ್ಪತ್ತೆರಡನೇ ಹಂತದಲ್ಲಿ ಸೋತಿದ್ದರು.

ಅಂದಿನಿಂದ ವಿಚಾರಣೆ ಶುರುವಾಯಿತು. ಮೊದಲ ಆರೋಪಿ ಲಿನಕ್ಸ್. "ಪುಕ್ಕಟೆ ಕೊಟ್ಟಾಗಲೇ ನಾನಂದಿದ್ದೆ." ಎರಡನೆಯದು ಅತ್ತೆ ಹಚ್ಚುತ್ತಿದ್ದ ಊದಿನಕಡ್ಡಿ. ಹೊಗೆ ಒಳಗೆ ಹೋಗಿದೆ ಎಂದು ದೇವರ ಕೋಣೆಯ ಬಾಗಿಲಿಗೆ ಗೋಣಿಚೀಲ ಇಳಿಬಿಟ್ಟರು. ಅತ್ತೆ ಆ ಚೀಲವನ್ನು ಎತ್ತಿ ಹಿತ್ತಲಿಗೆ ಎಸೆದರು. ಮೂರನೆಯದು ಗೋಡೆಯ ಮೇಲಿನ ಹಲ್ಲಿ. ಹಲ್ಲಿಯ ಮೇಲೆ ಯಾವ ಸಾಕ್ಷಿಯೂ ಇರಲಿಲ್ಲ, ಆದರೂ ಅದನ್ನು ಪೊರಕೆಯಿಂದ ಅಟ್ಟಿದರು.

ಕೊನೆಗೆ ಟಿವಿ ರಿಪೇರಿಯವರನ್ನು ಕರೆಸಿದೆ. ಅವರು ಹದಡಿಯವರು, ಹರಿಹರದ ಮಾರುಕಟ್ಟೆಯ ಹತ್ತಿರ ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ಬೆಳಗ್ಗೆ ಬಂದು, ಚೀಲದಿಂದ ತಂತಿ ಸುತ್ತಿದ ದೊಡ್ಡ ಬಳೆಯಂಥದ್ದನ್ನು ತೆಗೆದು, ಕರೆಂಟಿಗೆ ಸಿಕ್ಕಿಸಿ, ಮಾನಿಟರಿನ ಮುಖಕ್ಕೆ ಆರತಿ ಎತ್ತಿದ ಹಾಗೆ ಸುತ್ತ ಸುತ್ತ ತಿರುಗಿಸಿದರು. ಪರದೆಯ ಮೇಲೆ ಕಾಮನಬಿಲ್ಲಿನ ಬಣ್ಣಗಳೆಲ್ಲ ಸುಳಿಯಾಗಿ ಸುತ್ತಿದವು. ನಿಧಾನಕ್ಕೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಬಾಗಿಲವರೆಗೂ ಹೋಗಿ ನಿಲ್ಲಿಸಿದರು. ಕಲೆ ಮಾಯವಾಗಿತ್ತು. ಅತ್ತೆಗೆ ಅರಿವಿಲ್ಲದೆ ಕೈ ಮುಗಿಯುವ ಹಾಗಾಗಿತ್ತು.

"ಪಕ್ಕದಾಗೆ ಅಯಸ್ಕಾಂತ ಏನಾರ ಇಟ್ಟಿದ್ರೇನ್ರಿ? ಸ್ಪೀಕರು, ಗೀಕರು?" ರಿಪೇರಿಯವರು ಕೇಳಿದರು.

ಮಾವ ಎದೆ ಸೆಟೆಸಿದರು. "ನಮ್ಮನಿಯಾಗೆ ಅಂಥ ಬೇಜವಾಬ್ದಾರಿ ಜನ ಯಾರೂ ಇಲ್ರಿ."

ನಾಲ್ಕು ದಿನಕ್ಕೆ ಕಲೆ ಮತ್ತೆ ಬಂತು. ರಿಪೇರಿಯವರೂ ಮತ್ತೆ ಬಂದರು, ಮತ್ತೆ ಆರತಿ ಎತ್ತಿದರು, ಮತ್ತೆ ಅದೇ ಪ್ರಶ್ನೆ ಕೇಳಿದರು, ಮಾವ ಮತ್ತೆ ಅದೇ ಉತ್ತರ ಕೊಟ್ಟರು. ಮೂರನೇ ಸಲ ಬಂದಾಗ ರಿಪೇರಿಯವರು ಕೇಳಲಿಲ್ಲ. ಆರತಿ ಎತ್ತಿ, ಕಾಫಿ ಕುಡಿದು ಹೋದರು. ಪಾಪ, ಅವರು ಬರುತ್ತಿದ್ದುದು ಬೆಳಗ್ಗೆ, ಮಾವ ಆಟಕ್ಕೆ ಕೂರುವ ಮೊದಲು. ಆಗ ಮೇಜಿನ ಮೇಲೆ ಮಾನಿಟರ್, ಪೆಟ್ಟಿಗೆ, ಕೀಬೋರ್ಡು ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಸತ್ಯ ಹೊರಬಂದದ್ದು ಒಂದು ಭಾನುವಾರ ಸಂಜೆ. ಮಾವ ಆಡುತ್ತಿದ್ದರು. ಅತ್ತೆ ಪಕ್ಕದಲ್ಲಿ ಕೂತು ರವಿಕೆಗೆ ಗುಂಡಿ ಹಚ್ಚುತ್ತಿದ್ದವರು, ಬಾಗಿಲಲ್ಲಿ ಯಾರೋ ಕರೆದರೆಂದು ಸೂಜಿಯನ್ನು ಪೆಟ್ಟಿಗೆಯ ಮೇಲಿಟ್ಟು ಎದ್ದರು. ವಾಪಸು ಬಂದು ನೋಡಿದರೆ ಸೂಜಿ ಇಲ್ಲ. ನೆಲವೆಲ್ಲ ಹುಡುಕಿದರು. ನನ್ನನ್ನೂ ಮಂಡಿಯೂರಿ ಹುಡುಕಲು ಹಚ್ಚಿದರು. ಕೊನೆಗೆ ಅತ್ತೆಯ ಕಣ್ಣಿಗೇ ಬಿತ್ತು. ಸೂಜಿ ದಾರ ಸಮೇತ ಸ್ಟ್ಯಾಂಡಿನ ಬುಡಕ್ಕೆ ಅಂಟಿಕೊಂಡು ಸೆಟೆದು ನಿಂತಿತ್ತು.

"ಏನ್ರಿ ಇದು, ನನ್ನ ಸೂಜಿ ನಿಮ್ಮ ಕಂಬಕ್ಕೆ ಯಾಕ ಹೋಗೈತೆ?"

ಅತ್ತೆ ಅದನ್ನು ಕಿತ್ತು ಎರಡು ಬೆರಳಷ್ಟು ದೂರ ಹಿಡಿದು ಬಿಟ್ಟರು. ಸೂಜಿ ಟಣ್ ಎಂದು ಹಾರಿ ಮತ್ತೆ ಅಲ್ಲಿಗೇ ಹೋಯಿತು. ಮತ್ತೆ ಕಿತ್ತರು, ಮತ್ತೆ ಹೋಯಿತು. ಅವರಿಗೆ ಇದು ಖುಷಿಯಾಗಿ ನಾಲ್ಕೈದು ಸಲ ಮಾಡಿದರು. ನಾನು ಮಾವನ ಮುಖ ನೋಡಲಿಲ್ಲ. ನೋಡಿದ್ದರೆ ನಗು ತಡೆಯಲು ಆಗುತ್ತಿರಲಿಲ್ಲ.

ಪರದೆಯ ಮೇಲೆ ಗುಂಡುಗಳು ಒಂದರ ಹಿಂದೆ ಒಂದು ಉರುಳಿ ಬಂದು ಆಟ ತಾನೇ ಮುಗಿಯಿತು. ಮಾವ ಸ್ಟ್ಯಾಂಡಿನ ಗುಬಟು ತಿರುಗಿಸಿದರು. ಸೂಜಿ ಮೆಲ್ಲಗೆ ಕೆಳಗೆ ಬಿತ್ತು.

"ಅಯಸ್ಕಾಂತದ ಬುಡ" ಅಂದರು. "ಕಬ್ಬಿಣ ಹಿಡೀಲಿ ಅಂತಲೇ ಮಾಡಿರೋದು. ಮೂವತ್ತು ವರ್ಷ ನಾನೇ ತಿರುಗಿಸೀನಿ."

ಎದ್ದು ಹೋಗಿ ಹಳೇ ಡೈರಿ ತಂದು ಬರೆಯಲು ಕೂತರು. ಹಾಳೆಯನ್ನು ಹರಿದು ನನ್ನ ಕೈಗೆ ಕೊಟ್ಟು, ವಾಕಿಂಗಿಗೆಂದು ಹೊಳೆಯ ಕಡೆ ಹೊರಟರು. ಹಾಳೆಯಲ್ಲಿ ಇಷ್ಟಿತ್ತು. ವಸ್ತು: ಮಾನಿಟರ್. ದೋಷ: ನೇರಳೆ ಕಲೆ. ಕಾರಣ: ಇನ್‌ಸ್ಪೆಕ್ಟರನ ಬೇಜವಾಬ್ದಾರಿ. ಕೆಳಗೆ ಸಹಿ.

ನಾನು ಓದಿ ಹೇಳಿದೆ. ಅತ್ತೆ ಇನ್ನೊಂದು ಸಲ ಓದಿಸಿದರು. ಆಮೇಲೆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಟ್ರಂಕಿನಲ್ಲಿದ್ದ ಧಾರೆ ಸೀರೆಯ ಮಡಿಕೆಯೊಳಗೆ ಇಟ್ಟರು. "ಮದುವೆ ಆದಾಗಿನಿಂದ ಈ ಮನುಷ್ಯ ತಪ್ಪಾತು ಅಂದಿದ್ದು ಇದೇ ಮೊದಲು. ಹಾಳಾಗಬಾರದು" ಅಂದರು. ಮಾವ ಹೊಳೆಯಿಂದ ಬರುವಾಗ ರಿಪೇರಿಯವರ ಅಂಗಡಿಗೂ ಹೋಗಿ ಹೇಳಿ ಬಂದಿದ್ದರು. ರಿಪೇರಿಯವರು ಮೊದಲ ದಿನವೇ ಬೀರುವಿನ ಗಾಜಿನ ಬಾಗಿಲಿನಲ್ಲಿ ಸ್ಟ್ಯಾಂಡ್ ನೋಡಿದ್ದರಂತೆ, ಹಿರಿಯರಿಗೆ ಹೆಂಗೆ ಹೇಳೋದು ಎಂದು ಸುಮ್ಮನಿದ್ದರಂತೆ.

ಇಷ್ಟರಲ್ಲಿ ದಾವಣಗೆರೆಯಲ್ಲಿ ನಮ್ಮ ಕ್ಲಾಸಿನ ಮಾಲೀಕರಿಗೆ ಒಂದು ಹುಚ್ಚು ಹಿಡಿದಿತ್ತು. ಅವರದು ಮಂಡಿಪೇಟೆಯಲ್ಲಿ ಹಿಂದಿನಿಂದ ಕಾಳುಕಡಿ ವ್ಯಾಪಾರ ಮಾಡಿಕೊಂಡು ಬಂದ ಮನೆತನ, ಕಂಪ್ಯೂಟರಿಗೆ ಇವರೇ ಮೊದಲು ಕಾಲಿಟ್ಟವರು. ಬೆಂಗಳೂರಿಗೆ ಹೋದಾಗ ತ್ರೀಡಿ ಕಾರ್ಡು ಎಂಬುದನ್ನು ತಂದಿದ್ದರು. ಅದನ್ನು ಹಾಕಿದರೆ ಸಿನಿಮಾದಲ್ಲಿ ಬಣ್ಣದ ಕನ್ನಡಕ ಹಾಕಿಕೊಂಡಾಗ ಆಗುವ ಹಾಗೆ ಅಕ್ಷರಗಳು ಹೊರಗೆ ಬರುತ್ತವೆ ಎಂದು ಅವರ ಎಣಿಕೆ.

"ಮೇಡಂ, ಕನ್ನಡಕ ಡಬ್ಬದಾಗೆ ಇಲ್ವಲ್ರಿ, ಮರೆತಾರೇನು?"

ಕನ್ನಡಕ ಬೇಡ, ಇದು ಆಟಗಳಲ್ಲಿ ಗುಡ್ಡ, ಕಣಿವೆ, ಗೋಡೆಗಳನ್ನು ಬೇಗ ಬೇಗ ಬರೆಯುವ ಕಾರ್ಡು ಎಂದು ಬಿಡಿಸಿ ಹೇಳಿದೆ. ಅವರು ಸ್ವಲ್ಪ ಕುಗ್ಗಿದರೂ ಬೋರ್ಡು ಬರೆಸಿ ಆಗಿತ್ತು. ಭಾನುವಾರ ತ್ರೀಡಿ ಪ್ರದರ್ಶನ, ಎಲ್ಲರಿಗೂ ಸ್ವಾಗತ. ಸರಿ, ನಾನು ಆ ಕಾರ್ಡನ್ನು ಕ್ಲಾಸಿನ ಲಿನಕ್ಸ್ ಮೆಷಿನ್ನಿಗೆ ಹಾಕಿದೆ. ಅದೊಂದು ವಿಚಿತ್ರ ಕಾರ್ಡು. ಮಾಮೂಲು ಕಾರ್ಡನ್ನು ತೆಗೆಯುವ ಹಾಗಿಲ್ಲ. ಅದರಿಂದ ಒಂದು ಗಿಡ್ಡ ಕೇಬಲ್ ಇದಕ್ಕೆ, ಇದರಿಂದ ಮಾನಿಟರಿಗೆ. ಆಟ ಇಲ್ಲದಾಗ ಇದು ಸುಮ್ಮನೆ ಚಿತ್ರವನ್ನು ಆ ಕಡೆಯಿಂದ ಈ ಕಡೆಗೆ ದಾಟಿಸುತ್ತ ಕೂತಿರುತ್ತದೆ, ಆಟ ಬಂದಾಗ ಟಕ್ ಎಂದು ತಾನೇ ಎದ್ದು ನಿಲ್ಲುತ್ತದೆ.

ಅದಕ್ಕೆ ಬೇಕಾದ ತಂತ್ರಾಂಶವನ್ನೂ ಒಂದು ಮಾದರಿ ಆಟವನ್ನೂ ಅಶೋಕ ರಸ್ತೆಯ ಸೈಬರ್ ಕೆಫೆಯಿಂದ ಏಳು ಫ್ಲಾಪಿಗಳಲ್ಲಿ ತಂದೆ. ಏಳನೆಯದು ಕೈಕೊಟ್ಟಿತು. ಮತ್ತೆ ಹೋಗಿ ತಂದೆ. ಮೆಷಿನ್ ತನಗೆ ಬೇಕಾದ ಹಾಗೆ ಅದನ್ನು ಕಟ್ಟಿಕೊಳ್ಳಲು ಒಂದು ಹಗಲು ಪೂರ್ತಿ ಅಕ್ಷರ ಸುರಿಸುತ್ತ ಕೂತಿತು. ಮಾಲೀಕರು ಗಂಟೆಗೊಮ್ಮೆ ಬಂದು, "ಇನ್ನೂ ಓದ್ತಾ ಐತೇನ್ರಿ?" ಎಂದು ಕೇಳಿ ಹೋದರು. ಸಂಜೆ ಹೊತ್ತಿಗೆ ಆಟ ತೆರೆಯಿತು. ಹಿಮದ ಗುಡ್ಡ, ಅದರ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ನಾವು. ಗಿಡಗಳಿಗೆ ಬಡಿಯದೆ ಕೆಳಗೆ ಜಾರಬೇಕು. ನಿಜ ಹೇಳುತ್ತೇನೆ, ಅಂಥದ್ದನ್ನು ನಾನು ಅಲ್ಲಿಯವರೆಗೆ ಪರದೆಯ ಮೇಲೆ ನೋಡಿರಲಿಲ್ಲ. ಗುಡ್ಡ ನನ್ನ ಕಡೆಗೇ ನುಗ್ಗಿ ಬಂತು. ಕುರ್ಚಿಯ ಕೈ ಹಿಡಿದುಕೊಂಡೆ.

ಭಾನುವಾರ ಯಜಮಾನರನ್ನು ಮನೆ ಕಾಯಲು ಬಿಟ್ಟು ಅತ್ತೆ, ಮಾವ ಇಬ್ಬರನ್ನೂ ಕರೆತಂದಿದ್ದೆ. ಮಾವ ಪ್ರದರ್ಶನಕ್ಕೆ, ಅತ್ತೆ ಚೌಕಿಪೇಟೆಯಲ್ಲಿ ರವಿಕೆ ಬಟ್ಟೆ ಕೊಳ್ಳುವುದಕ್ಕೆ. ಬಟ್ಟೆಯ ಗಂಟು ಮಡಿಲಲ್ಲಿ ಇಟ್ಟುಕೊಂಡು ಅತ್ತೆ ಹಿಂದಿನ ಬೆಂಚಿನಲ್ಲಿ ಕೂತರು. ಇಪ್ಪತ್ತು ಮೂವತ್ತು ಜನ ಸೇರಿದ್ದರು. ಕೆಲವರು ಮಾಲೀಕರ ನೆಂಟರು, ಕೆಳಗಿನ ಬಟ್ಟೆ ಅಂಗಡಿಯವರು, ಉಳಿದವರು ವಿದ್ಯಾರ್ಥಿಗಳು.

ಮೊದಲು ಮಾಲೀಕರೇ ಕೂತರು. ಮೂರನೇ ತಿರುವಿನಲ್ಲಿ ಹಲಗೆಯ ಜೊತೆ ಅವರೂ ಬಲಕ್ಕೆ ವಾಲಿದರು. ವಾಲಿದವರು ಕುರ್ಚಿಯಿಂದ ಜಾರಿ ನೆಲಕ್ಕೆ ಕೂತರು. ಎಲ್ಲರೂ ಚಪ್ಪಾಳೆ ಹೊಡೆದರು. ಆಟದ ಒಂದು ಭಾಗವೇ ಅದು ಅಂದುಕೊಂಡಿರಬೇಕು.

ಆಮೇಲೆ ಮಾವನ ಸರದಿ. ನನ್ನ ಮಾವ ಲಿನಕ್ಸಿನಲ್ಲಿ ಪಳಗಿದವರು ಎಂದು ನಾನು ಮೊದಲೇ ಹೇಳಿದ್ದರಿಂದ ಎಲ್ಲರೂ ಹತ್ತಿರ ಬಂದರು. ಮಾವ ಅಂಗಿಯ ತೋಳು ಮಡಚಿದರು. ಹಲಗೆ ಹೊರಟಿತು. ಮೊದಲ ಗಿಡ ತಪ್ಪಿಸಿದರು, ಎರಡನೆಯದನ್ನೂ ತಪ್ಪಿಸಿದರು. ನಾಲ್ಕನೆಯ ಗಿಡದ ಹೊತ್ತಿಗೆ ಅವರ ಕಿವಿಯ ಹಿಂದೆ ಬೆವರು ಕಂಡಿತು. ಗುಡ್ಡ ಒಮ್ಮೆ ಎಡಕ್ಕೆ ವಾಲಿ, ಆಮೇಲೆ ಬಲಕ್ಕೆ ವಾಲಿ, ನೇರ ಕೆಳಕ್ಕೆ ಬಿತ್ತು.

"ನಿಲ್ಲಿಸವ್ವ" ಅಂದರು ಮಾವ.

"ಇದು ನಿಲ್ಲಲ್ಲ ಮಾವ, ಜಾರೋ ಆಟ."

"ನಂಗೆ ತಲಿ ತಿರುಗ್ತಾ ಐತೆ. ನಿಲ್ಲಿಸು ಅಂದ್ನಲ್ಲ!"

ಮಾಲೀಕರು ಓಡಿ ಹೋಗಿ ಕೈಗೆ ಸಿಕ್ಕ ಕಸದ ಬುಟ್ಟಿ ತಂದರು. ಸಮಯಕ್ಕೆ ಸರಿಯಾಗಿ ತಂದರು ಅಂತಷ್ಟೇ ಹೇಳುತ್ತೇನೆ. ಮಾವನನ್ನು ಬೆಂಚಿನ ಮೇಲೆ ಮಲಗಿಸಿ ಬೀಸಣಿಗೆಯಿಂದ ಗಾಳಿ ಹಾಕಿದೆವು. ಮಾಲೀಕರಿಗೂ ಬುಟ್ಟಿ ನೋಡಿದ ಮೇಲೆ ಏನೋ ಆಗಿ ಪಕ್ಕದ ಬೆಂಚಿನಲ್ಲಿ ಮಲಗಿದರು. ಪ್ರದರ್ಶನ ಕೆಟ್ಟಿತು ಎಂದು ನನಗೆ ಅಳು ಬರುವಂತಾಗಿತ್ತು. ಜನ ಚಪ್ಪಲಿ ಹುಡುಕುತ್ತಿದ್ದರು.

ಆಗ ಅತ್ತೆ ಎದ್ದು ಬಂದರು. ಬಟ್ಟೆಯ ಗಂಟನ್ನು ನನ್ನ ಕೈಗೆ ಕೊಟ್ಟು ಮೆಷಿನ್ನಿನ ಮುಂದೆ ಕೂತರು. "ಎಲ್ಲಿ ಒತ್ತಬೇಕು?" ಶುರುಮಾಡುವ ಗುಂಡಿ ತೋರಿಸಿದೆ. ಒತ್ತಿದರು. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೆಟ್ಟಗೆ ಕೂತರು.

ಹಲಗೆ ಹೊರಟಿತು. ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ. ಸಾಲು ಸಾಲು ಗಿಡಗಳ ನಡುವೆ ನೇರ ಹೋಯಿತು. ನಾವೆಲ್ಲ ತಪ್ಪಿಸಿಕೊಳ್ಳಲು ಒದ್ದಾಡುತ್ತಿದ್ದ ಗಿಡಗಳು ಆಚೀಚೆ ಸರಿದುಹೋದವು. ಉಬ್ಬಿನ ಮೇಲೆ ಹಾರಿತು, ಇಳಿಯಿತು, ಮತ್ತೆ ನೇರ ಹೋಯಿತು. ಚಪ್ಪಲಿ ಹಾಕಿಕೊಂಡವರು ಚಪ್ಪಲಿ ಸಮೇತ ಒಳಗೆ ಬಂದರು. ಗುಡ್ಡದ ಬುಡದಲ್ಲಿ ಹಲಗೆ ನಿಂತು ತುತ್ತೂರಿ ಊದಿತು. ಆ ವಾರವೆಲ್ಲ ಅಷ್ಟು ಆಡಿದ್ದ ನಾನು ಆ ತುತ್ತೂರಿಯನ್ನು ಒಮ್ಮೆಯೂ ಕೇಳಿರಲಿಲ್ಲ.

ಕ್ಲಾಸೆಲ್ಲ ಕೂಗಿತು. ಮಾಲೀಕರು ಮಲಗಿದಲ್ಲಿಂದಲೇ ಎರಡೂ ಕೈ ಎತ್ತಿದರು. ಮಾವ ಒಂದು ಮೊಣಕೈ ಊರಿ ಎದ್ದು, "ಹೆಂಗೆ ಮಾಡಿದೆ?" ಎಂದು ಕೇಳಿದರು.

"ನಾನೇನು ಮಾಡಿದೆ? ಭಯ ಆತು, ಕಣ್ಣು ಮುಚ್ಚಿ ಕುಂತಿದ್ದೆ" ಅಂದರು ಅತ್ತೆ. "ಮುಗೀತೇನು?"

ಆ ತಿಂಗಳು ಹೊಸದಾಗಿ ಸೇರಿದವರಲ್ಲಿ ಮೂವರು ಹೆಂಗಸರು, ಮೂವರೂ ಐವತ್ತು ದಾಟಿದವರು. ಪಾಠಕ್ಕೆ ಬಂದವರು ನಾವು ಏನನ್ನು ತೋರಿಸಿದರೂ, ಗುಡ್ಡದ ಆಟ ಯಾವಾಗ ಎಂದು ಕೇಳುತ್ತಿದ್ದರು. ಮಾಲೀಕರು ಬೋರ್ಡು ಅಳಿಸಲಿಲ್ಲ. ಮಾವ ಆ ಕ್ಲಾಸಿಗೆ ಮತ್ತೆ ಬಂದರೂ ಆ ಮೆಷಿನ್ ಇದ್ದ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದರು.

ಆ ಭಾನುವಾರ ಪ್ರದರ್ಶನ ಮುಗಿದ ಮೇಲೆ ನಾವು ಮೂವರೂ ಬೆಣ್ಣೆದೋಸೆ ತಿನ್ನಲು ಹೋದೆವು. ಮಾವ ತಮಗೆ ಬೇಡ ಅಂದರು. ಬರೀ ನಿಂಬೆಹಣ್ಣಿನ ಸೋಡಾ ತರಿಸಿಕೊಂಡರು. ಅತ್ತೆ ಎರಡು ತಿಂದರು. ಮೂರನೆಯದು ಹೇಳಲೇ ಎಂದು ಅವರು ನನ್ನನ್ನು ಕೇಳುತ್ತಿರುವಾಗ, ಮಾವ ಮೆಲ್ಲಗೆ ಕೈ ಚಾಚಿ ನನ್ನ ತಟ್ಟೆಯಿಂದ ಒಂದು ತುಂಡು ಮುರಿದುಕೊಂಡರು.